ಮಂಜರಾಬಾದ್ ಕೋಟೆಯ ಎಂಟು ಮೂಲೆ ಎಣಿಸಿದ್ದೀರಾ?

ಹೇಮಾವತಿ ದಡ

ಹಾಸನದಿಂದ ಧರ್ಮಸ್ಥಳಕ್ಕೆ ಹೋಗುವವರಿಗೆಲ್ಲ ಈ ಗುಡ್ಡ ಗೊತ್ತು. ಸಕಲೇಶಪುರ ದಾಟಿ ದೋಣಿಗಲ್ ಹತ್ತಿರ ಬರುತ್ತಿದ್ದ ಹಾಗೆ ಬಸ್ಸಿನಲ್ಲಿ ಯಾರಾದರೂ ಒಬ್ಬರು ಕಿಟಕಿಯಿಂದ ಕೈ ತೋರಿಸಿ "ಅದೇ ಟಿಪ್ಪು ಕೋಟೆ" ಎನ್ನುತ್ತಾರೆ. ಮದುವೆಯಾಗಿ 13 ವರ್ಷ ಆಯಿತು. ಹರಕೆ ತೀರಿಸಲು ಹೋದಾಗ, ಮಗಳ ಮುಡಿ ಕೊಡಿಸಲು ಹೋದಾಗ, ನೆಂಟರ ಜೊತೆ ಹೋದಾಗ, ಪ್ರತಿ ಸಲವೂ ನಾನು ಆ ಕೋಟೆಯನ್ನು ಕಿಟಕಿಯಿಂದಲೇ ನೋಡಿದ್ದು. "ಬರುವಾಗ ಹತ್ತೋಣ ಬಿಡು" ಎಂದು ನಮ್ಮವರು ಹೇಳುತ್ತಿದ್ದರು. ಬರುವಾಗ ಕತ್ತಲಾಗಿರುತ್ತಿತ್ತು.

ಹೋದ ವಾರ ಮಗಳನ್ನು ಅಮ್ಮನ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಹೊರಟೆವು. ಬೇರೆ ಯಾವ ಜಾಗಕ್ಕೂ ಹೋಗುವುದಿಲ್ಲ, ಕೋಟೆ ಒಂದೇ ಎಂದು ಮೊದಲೇ ಮಾತಾಗಿತ್ತು. ಬೆಳಗ್ಗೆ ಬೇಗ ಎದ್ದು ಅಕ್ಕಿ ರೊಟ್ಟಿ ತಟ್ಟಿದೆ, ಹುಚ್ಚೆಳ್ಳು ಚಟ್ನಿ ಡಬ್ಬಿಗೆ ಹಾಕಿಕೊಂಡೆ, ಫ್ಲಾಸ್ಕಿನಲ್ಲಿ ಕಾಫಿ. ಹಾಸನದಿಂದ ಸಕಲೇಶಪುರ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕೋಟೆಗೆ ಇನ್ನು ಆರೇಳು ಕಿಲೋಮೀಟರ್. ನಾವು ಬೈಕಿನಲ್ಲಿ ಹೋದೆವು. ಆಲೂರು ದಾಟಿದ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರು ಬರುವ ಲಾರಿಯ ದೀಪ ಮಾತ್ರ ಕಾಣುತ್ತಿತ್ತು.

ಹೆದ್ದಾರಿ ಪಕ್ಕ ಗಾಡಿ ನಿಲ್ಲಿಸಿ ಸ್ವಲ್ಪ ದೂರ ನಡೆದರೆ ಮೆಟ್ಟಿಲು ಶುರುವಾಗುತ್ತದೆ. ಸುಮಾರು 250 ಮೆಟ್ಟಿಲು. ಕೆಲವು ಎತ್ತರ, ಕೆಲವು ಗಿಡ್ಡ. ನಾನು ಮೂರು ಕಡೆ ಕುಳಿತು ಸುಧಾರಿಸಿಕೊಂಡೆ. ನಮ್ಮವರಿಗೆ ದಿನವೂ ಗಾರೆ ಸಾರುವೆಯ ಮೇಲೆ ಹತ್ತಿ ಇಳಿದು ಅಭ್ಯಾಸ. ಅವರು ಕಟ್ಟಡ ಮೇಸ್ತ್ರಿ. ಅವರಿಗೆ ಉಬ್ಬಸ ಏನೂ ಇಲ್ಲ, ಆದರೂ ನಾನು ಕುಳಿತ ಕಡೆಯಲ್ಲೆಲ್ಲ ಅವರೂ ಕುಳಿತರು.

ಬಾಗಿಲು ದಾಟಿ ಒಳಗೆ ಹೋದ ಕೂಡಲೇ ನನಗೆ ಸ್ವಲ್ಪ ನಿರಾಸೆ ಆಯಿತು, ಇದ್ದದ್ದನ್ನು ಹೇಳುತ್ತೇನೆ. ಮೊಬೈಲಿನಲ್ಲಿ ನೀವೆಲ್ಲ ನೋಡಿರುತ್ತೀರಿ, ಮೇಲಿನಿಂದ ತೆಗೆದ ಚಿತ್ರ, ಹಸಿರು ಗುಡ್ಡದ ಮೇಲೆ ನಕ್ಷತ್ರ ಇಟ್ಟ ಹಾಗೆ. ಒಳಗೆ ನಿಂತರೆ ನಕ್ಷತ್ರ ಎಲ್ಲೂ ಇಲ್ಲ. ಹುಲ್ಲು, ಗೋಡೆ, ಮಂಜು ಅಷ್ಟೇ. "ರೀ, ನಕ್ಷತ್ರ ಎಲ್ಲಿ?" ಎಂದು ಕೇಳಿದೆ. ನಮ್ಮ ಮುಂದೆ ಬಂದಿದ್ದ ಒಂದು ಗುಂಪು ಬಾಗಿಲಲ್ಲಿ ಫೋಟೊ, ನಡುವಿನ ಕೊಳದ ಹತ್ತಿರ ಫೋಟೊ ತೆಗೆಸಿಕೊಂಡು ಇಪ್ಪತ್ತೇ ನಿಮಿಷದಲ್ಲಿ ಇಳಿದುಹೋಯಿತು.

ನಮ್ಮವರು ಏನೂ ಹೇಳಲಿಲ್ಲ. ಗೋಡೆಯ ಹತ್ತಿರ ಹೋಗಿ ಮೂಲೆಯ ಮೇಲೆ ಕೈ ಆಡಿಸಿದರು. ಆಮೇಲೆ "ಬಾ, ಗೋಡೆ ಹಿಡಿದು ನಡೆಯೋಣ" ಎಂದರು.

ಗೋಡೆಗೆ ಒಳಗಿನಿಂದ ಅಂಟಿಕೊಂಡು ಹೊರಟೆವು. ಗೋಡೆ ಸ್ವಲ್ಪ ದೂರ ನೇರವಾಗಿ ಹೋಗಿ ಹೊರಗೆ ಚಾಚುತ್ತದೆ, ಚೂಪಾಗಿ ತಿರುಗುತ್ತದೆ, ಮತ್ತೆ ಒಳಗೆ ಬರುತ್ತದೆ. ಮತ್ತೆ ಹೊರಗೆ. ಎರಡು ಮೂಲೆ ಆದ ಮೇಲೆ ನನಗೆ ಹೊಳೆಯಿತು, ನಾವು ನಕ್ಷತ್ರದ ಅಂಚಿನಲ್ಲೇ ನಡೆಯುತ್ತಿದ್ದೇವೆ. ಬಾಗಿಲ ಮುಂದೆ ಎಂಟೆಳೆ ರಂಗೋಲಿ ಬಿಡುವಾಗ ಬೆರಳು ಹೋಗುತ್ತದಲ್ಲ, ಹಾಗೆ ಕಾಲು ಹೋಗುತ್ತಿತ್ತು.

ಅವರು ಪ್ರತಿ ಮೂಲೆಯಲ್ಲೂ ನಿಂತರು. "ಮನೆ ಕಟ್ಟುವಾಗ ಮೂಲೆಮಟ್ಟ ಇಟ್ಟರೆ ಆಯಿತು, ಮೂಲೆ ಕೂರುತ್ತದೆ. ಈ ಒಳಮೂಲೆಗೆ ಮೂಲೆಮಟ್ಟ ಕೂರುವುದೇ ಇಲ್ಲ ನೋಡು. ಎಂಟೂ ಕಡೆ ಒಂದೇ ಅಳತೆ ಬರಬೇಕು ಅಂದರೆ ನಡುವೆ ಗೂಟ ಹೊಡೆದು ದಾರ ಕಟ್ಟಿ ಅಳೆದಿರಬೇಕು. ಅದೂ ಗುಡ್ಡದ ತಲೆ ಮೇಲೆ" ಎಂದರು. ಗ್ರಾನೈಟ್ ಕಲ್ಲು, ಗಾರೆ. ಕಲ್ಲಿನ ಸಂದಿಯಲ್ಲಿ ಬೆರಳಿಟ್ಟು ತೋರಿಸಿದರು. ಅವರು ಕೆಲಸ ಮಾಡುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಊಟ ಕೊಡಲು ಹೋದಾಗ. ಆದರೆ ಬೇರೆಯವರ ಕೆಲಸವನ್ನು ಅವರು ಹೀಗೆ ನಿಂತು ನೋಡಿದ್ದನ್ನು ನಾನು ನೋಡಿದ್ದು ಅವತ್ತೇ.

ಒಂದು ಸುತ್ತು ಮುಗಿಯಿತು. ನಾನು ಎಂಟು ಎಣಿಸಿದ್ದೆ. ಅವರು ಏಳು ಎಂದರು. ನಾನು ಎಂಟೇ ಎಂದೆ. ಕೊನೆಗೆ ಇನ್ನೊಂದು ಸುತ್ತು ಹೋದೆವು. ಎರಡನೇ ಸುತ್ತಿಗೆ ಮಂಜು ಹರಿದಿತ್ತು. ಪಶ್ಚಿಮಕ್ಕೆ ಬೆಟ್ಟದ ಹಿಂದೆ ಬೆಟ್ಟ. ಕೆಳಗೆ ಹೆದ್ದಾರಿ, ಲಾರಿಗಳು ಇರುವೆ ಸಾಲಿನ ಹಾಗೆ ಶಿರಾಡಿ ಕಡೆಗೆ ಹೋಗುತ್ತಿದ್ದವು. ಎಂಟು ಮೂಲೆ ಸಿಕ್ಕಿದವು. ಕೊಳದ ಹತ್ತಿರ ಕುಳಿತು ರೊಟ್ಟಿ ತಿಂದೆವು. ಇಳಿಯುವಾಗ ಅವರು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ನಕ್ಷತ್ರ ಬರೆದು, ನಾವು ಎಲ್ಲಿ ಕುಳಿತಿದ್ದೆವು, ಎಲ್ಲಿ ಬಾಗಿಲು ಎಂದು ಗುರುತು ಹಾಕಿ ತೋರಿಸಿದರು.

ಬೇಜಾರಾದದ್ದು ಒಂದೇ. ಗೋಡೆ ತುಂಬ ಹೆಸರು ಕೆತ್ತಿದ್ದಾರೆ. ಹುಡುಗ ಹುಡುಗಿಯ ಹೆಸರು, ನಡುವೆ ಬಾಣ. 200 ವರ್ಷಕ್ಕೂ ಹಳೆಯ ಗೋಡೆ ಅದು.

ಇಲ್ಲಿ ಬರೆಯುವುದಕ್ಕೆ ಕಾರಣ ಇಷ್ಟೇ. ಹೋಗುವ ಮೊದಲು ಕೇಳಿದವರೆಲ್ಲ "ಅರ್ಧ ಗಂಟೆ ಸಾಕು, ಅಲ್ಲೇನಿದೆ" ಎಂದರು. ದಯವಿಟ್ಟು ಎರಡು ಗಂಟೆ ಇಟ್ಟುಕೊಂಡು ಹೋಗಿ, ಗೋಡೆ ಹಿಡಿದು ಒಂದು ಸುತ್ತು ನಡೆಯಿರಿ. ಇದರ ಇತಿಹಾಸ ಗೊತ್ತಿರುವವರು ಇದ್ದರೆ ಹೇಳಿ. ನಕ್ಷತ್ರ ಯಾಕೆ? ಅಂದಕ್ಕೋ, ಬೇರೆ ಕಾರಣ ಇದೆಯೋ?

ಏಲಕ್ಕಿ ಗಿಡ, ಸಕಲೇಶಪುರ

ಅಕ್ಕ, ಓದಿ ತುಂಬ ಖುಷಿಯಾಯಿತು. ನಮ್ಮ ಊರಿನ ಕೋಟೆ. ನಮ್ಮಜ್ಜಿ ಅದನ್ನು ಕೋಟೆ ಎನ್ನುತ್ತಿರಲಿಲ್ಲ, ಅಡಾಣಿ ಗುಡ್ಡ ಎನ್ನುತ್ತಿದ್ದರು. ಹಳೆಯ ದಾಖಲೆಗಳಲ್ಲಿ ನಮ್ಮ ತಾಲ್ಲೂಕಿಗೇ ಮಂಜರಾಬಾದ್ ತಾಲ್ಲೂಕು ಎಂದು ಹೆಸರು. ಕೋಟೆ ಮಂಜಿನಲ್ಲಿ ಮುಚ್ಚಿಹೋಗಿದ್ದನ್ನು ನೋಡಿ ಟಿಪ್ಪು ಈ ಹೆಸರಿಟ್ಟ ಎಂದು ಎಲ್ಲರೂ ಹೇಳುತ್ತಾರೆ. ಡಿಸೆಂಬರ್ ಬೆಳಗ್ಗೆ ಬಂದವರಿಗೆ ಈ ಕಥೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಡಲಿನಿಂದ ಸುಮಾರು 988 ಮೀಟರ್ ಎತ್ತರ. ನೀವು ಬೆಳಗ್ಗೆ ಹೋದದ್ದು ಒಳ್ಳೆಯದಾಯಿತು. ಮಧ್ಯಾಹ್ನ ಒಳಗೆ ನೆರಳು ಕಡಿಮೆ. ಬೈಕ್ ಇಲ್ಲದವರು ಸಕಲೇಶಪುರ ಬಸ್ ನಿಲ್ದಾಣದಲ್ಲಿ ಇಳಿದು ಆಟೊ ಮಾಡಿಕೊಳ್ಳಿ. ವಾಪಸ್ ಕರೆದುಕೊಂಡು ಬರುವ ಮಾತು ಮೊದಲೇ ಆಡಿಕೊಳ್ಳಿ. ಹೆದ್ದಾರಿಯಲ್ಲಿ ಕೈ ಅಡ್ಡ ಹಾಕಿ ನಿಲ್ಲುವುದು ಬೇಡ, ಅಲ್ಲಿ ಗಾಡಿಗಳು ಜೋರಾಗಿ ಬರುತ್ತವೆ.

ದಾರಿಹೋಕ

ಕ್ಷಮಿಸಿ, ನನಗೆ ಹಾಗೆ ಅನ್ನಿಸಲಿಲ್ಲ. ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಐದು ಗಂಟೆ ಗಾಡಿ ಓಡಿಸಿ ಬಂದೆವು. ಅರಮನೆ ಇಲ್ಲ, ಕೆತ್ತನೆ ಇಲ್ಲ, ವಿವರ ಓದಲು ಸರಿಯಾದ ಫಲಕ ಸಿಗಲಿಲ್ಲ. ನಕ್ಷತ್ರವನ್ನು ಡ್ರೋನ್ ಇದ್ದವರು ಮಾತ್ರ ನೋಡಬಹುದು. ಅಷ್ಟು ಮೆಟ್ಟಿಲು ಹತ್ತಿ ಹುಲ್ಲುಗಾವಲು ನೋಡಿದ ಹಾಗಾಯಿತು. ಹತ್ತಿರದಲ್ಲೇ ಬೇಲೂರು ಹಳೇಬೀಡು ಇರುವಾಗ ಜನರಿಗೆ ಇದನ್ನೇ ನೋಡಿ ಎಂದು ಹೇಳುವುದು ಸರಿಯಾ?

ಹೇಮಾವತಿ ದಡ

ದಾರಿಹೋಕ ಅವರೇ, ನಿಮ್ಮ ಬೇಸರ ಅರ್ಥ ಆಗುತ್ತದೆ. ಮೊದಲ ಹತ್ತು ನಿಮಿಷ ನನಗೂ ಹಾಗೇ ಅನ್ನಿಸಿತ್ತು. ಬೇಲೂರಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಬೇಲೂರಿನಲ್ಲಿ ಕಣ್ಣೆದುರಿಗೇ ಎಲ್ಲ ಇದೆ, ಸುಮ್ನೆ ನಿಂತರೂ ಸಾಕು. ಇಲ್ಲಿ ನಡೆಯಬೇಕು. ನೀವು ಗೋಡೆ ಸುತ್ತ ಬಂದಿರಾ?

ದಾರಿಹೋಕ

ಇಲ್ಲ. ನಡುವಿನ ಕೊಳದವರೆಗೆ ಹೋಗಿ ಬಂದೆವು.

ಬಿಳಿ ಸೀಮೆಸುಣ್ಣ

ನಾನು ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವನು. ಮಕ್ಕಳನ್ನು ಈ ಕೋಟೆಗೆ ಹಲವು ಸಲ ಕರೆದುಕೊಂಡು ಹೋಗಿದ್ದೇನೆ. ಆ ತಂಗಿ ಕೇಳಿದ "ನಕ್ಷತ್ರ ಯಾಕೆ" ಎಂಬ ಪ್ರಶ್ನೆ ಮಕ್ಕಳೂ ಕೇಳುತ್ತಿದ್ದರು. ಅವರಿಗೆ ಹೇಳುತ್ತಿದ್ದ ಹಾಗೇ ಹೇಳುತ್ತೇನೆ.

ಚೌಕದ ಕೋಟೆಯ ಗೋಡೆ ಮೇಲೆ ನೀವು ಕಾವಲು ನಿಂತಿದ್ದೀರಿ ಅಂದುಕೊಳ್ಳಿ. ದೂರದ ಶತ್ರು ಕಾಣುತ್ತಾನೆ. ಅವನು ಓಡಿ ಬಂದು ಗೋಡೆಯ ಬುಡಕ್ಕೆ ಅಂಟಿಕೊಂಡರೆ ಕಾಣುವುದಿಲ್ಲ. ಬಗ್ಗಿ ನೋಡಲು ಹೋದರೆ ನಿಮ್ಮ ತಲೆಗೇ ಗುಂಡು. ಅವನು ಅಲ್ಲೇ ಕುಳಿತು ಗೋಡೆ ತೋಡಬಹುದು, ಮದ್ದು ಇಡಬಹುದು. ದುಂಡು ಬುರುಜು ಕಟ್ಟಿದರೂ ಬುರುಜಿನ ಮೂತಿಯ ಕೆಳಗೆ ಒಂದಿಷ್ಟು ಜಾಗ ಹೀಗೇ ಮರೆಯಾಗಿ ಉಳಿಯುತ್ತದೆ. ಗೋಡೆಯನ್ನು ನಕ್ಷತ್ರದ ಹಾಗೆ ಮುರಿದರೆ ಮರೆ ಉಳಿಯುವುದಿಲ್ಲ. ಒಂದು ಮೂಲೆಯ ಪಕ್ಕದಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆ ಬುಡದವರೆಗೆ ಕಾಣುತ್ತದೆ. ಅವನ ಬುಡವನ್ನು ಇವನು ಕಾಯುತ್ತಾನೆ, ಇವನ ಬುಡವನ್ನು ಅವನು. ಶತ್ರು ಎರಡು ಮೂಲೆಯ ನಡುವೆ ನುಗ್ಗಿದರೆ ಎರಡೂ ಕಡೆಯಿಂದ ಗುಂಡು ತಿನ್ನುತ್ತಾನೆ.

ಇನ್ನೊಂದು ಕಾರಣ ಫಿರಂಗಿ. ಎತ್ತರದ ತೆಳ್ಳಗಿನ ಗೋಡೆಗೆ ಫಿರಂಗಿ ಗುಂಡು ನೇರ ಬಡಿದರೆ ಗೋಡೆ ಒಡೆಯುತ್ತದೆ. ದಪ್ಪನೆಯ, ಎತ್ತರ ಕಡಿಮೆ ಇರುವ, ಓರೆಯಾಗಿ ತಿರುಗಿದ ಗೋಡೆಗೆ ಬಡಿದರೆ ಗುಂಡಿನ ಬಲ ಒಂದಿಷ್ಟು ಜಾರಿಹೋಗುತ್ತದೆ. ಯುರೋಪಿನಲ್ಲಿ ಫಿರಂಗಿ ಬಳಕೆ ಹೆಚ್ಚಾದ ಮೇಲೆ ಇಂಥ ಕೋಟೆಗಳು ಬಂದವು. ಫ್ರಾನ್ಸಿನ ಸೇನಾ ಎಂಜಿನಿಯರ್ ವೊಬಾನ್ (1633–1707) ಈ ಕಲೆಯನ್ನು ಪಳಗಿಸಿದವನು. ಟಿಪ್ಪುವಿಗೆ ಫ್ರೆಂಚರ ನೆರವಿತ್ತು. ವೊಬಾನ್ ಹಾದಿಯ ಕೋಟೆ ನಮ್ಮ ಅಡಾಣಿ ಗುಡ್ಡಕ್ಕೆ ಬಂದದ್ದು ಹಾಗೆ.

ಈಗ ವರ್ಷ ನೋಡಿ. ಕೋಟೆ ಮುಗಿದದ್ದು 1792ರಲ್ಲಿ. ಅದೇ ವರ್ಷದ ಮಾರ್ಚಿನಲ್ಲಿ ಶ್ರೀರಂಗಪಟ್ಟಣ ಒಪ್ಪಂದ. ಮೂರನೇ ಮೈಸೂರು ಯುದ್ಧದಲ್ಲಿ ಸೋತು ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಮಲಬಾರ್ ಕೈತಪ್ಪಿತು, ಕೊಡಗು ಇಂಗ್ಲಿಷರ ಕಡೆ ಹೋಯಿತು. ಅವನಿಗೆ ಉಳಿದ ಕಡಲು ಮಂಗಳೂರಿನ ಕಡೆ. ಮಂಗಳೂರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಈ ಗುಡ್ಡದ ಬುಡದಲ್ಲಿದೆ. ದಕ್ಷಿಣಕ್ಕೆ ಕೊಡಗಿನ ಗಡಿ ಹತ್ತಿರ. ಗುಡ್ಡದ ಮೇಲೆ ನಿಂತು ನಾಲ್ಕು ದಿಕ್ಕು ನೋಡಿದರೆ ಇಲ್ಲೇ ಯಾಕೆ ಕಟ್ಟಿದ ಎಂದು ಮಕ್ಕಳಿಗೆ ತಾನಾಗಿ ತಿಳಿಯುತ್ತಿತ್ತು. ಪುಸ್ತಕದಲ್ಲಿ ನಾಲ್ಕು ಸಲ ಓದಿಸಿದರೂ ತಿಳಿಯುತ್ತಿರಲಿಲ್ಲ.

ದಾರಿಹೋಕರಿಗೆ ಒಂದು ಮಾತು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದ್ದು. ಅದು ನಿಂತಿರುವ ಕಲ್ಲಿನ ಕಟ್ಟೆ, ಅಂದರೆ ಜಗತಿ, ಅದೂ ನಕ್ಷತ್ರದ ಅಂಚಿನದು. 675 ವರ್ಷ ಆದ ಮೇಲೆ ಅದೇ ಜಿಲ್ಲೆಯಲ್ಲಿ ಇನ್ನೊಂದು ನಕ್ಷತ್ರ ಎದ್ದಿತು, ಈ ಸಲ ಫಿರಂಗಿಗೆ. ಬೆಳಗ್ಗೆ ಕೋಟೆ, ಮಧ್ಯಾಹ್ನ ಬೇಲೂರು. ಒಂದೇ ದಿನ ಎರಡೂ ನೋಡಿ. ಎರಡರ ನಡುವೆ ಸುಮಾರು 40 ಕಿಲೋಮೀಟರ್ ಅಷ್ಟೇ.

ಹೇಮಾವತಿ ದಡ

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮಾತನ್ನು ನಮ್ಮವರಿಗೆ ಓದಿ ಹೇಳಿದೆ. "ಹಾಗಾದರೆ ಒಳಮೂಲೆ ಅಷ್ಟು ಅಗಲ ಇರುವುದು ಅದಕ್ಕೇ, ಅಲ್ವಾ" ಎಂದರು. ರಾತ್ರಿ ಊಟ ಆದ ಮೇಲೆ ಮಗಳಿಗೆ ಬೆಂಕಿಕಡ್ಡಿ ಜೋಡಿಸಿ ನಕ್ಷತ್ರ ಮಾಡಿ ತೋರಿಸುತ್ತಿದ್ದರು. ಒಂದು ಕಡ್ಡಿಯನ್ನು ಶತ್ರು ಮಾಡಿದ್ದರು.

ಐಗೂರು ಹಾದಿ

ಟಿಪ್ಪುವಿನ ಮಾತು ಸರಿ. ಆದರೆ ಈ ಸೀಮೆ ಅದಕ್ಕೂ ಮೊದಲು ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಇದು ಬಲಂ ಪಾಳೆಯಗಾರರ ನಾಡು. ಐಗೂರು ನಾಯಕರ ನಾಡು. ನಮ್ಮ ಕಡೆ ಹಿರಿಯರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಕೋಟೆ ನೋಡಲು ಬಂದವರು ಅವರನ್ನು ನೆನೆಯದೆ ಹೋದರೆ ನನಗೆ ನೋವಾಗುತ್ತದೆ.

ಬಿಳಿ ಸೀಮೆಸುಣ್ಣ

ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನು ಬಿಟ್ಟದ್ದು ತಪ್ಪಾಯಿತು, ಈಗ ಸೇರಿಸುತ್ತೇನೆ.

1792ರಲ್ಲಿ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಪಾಳೆಯಗಾರ ಕೃಷ್ಣಪ್ಪ ನಾಯಕ ಇಂಗ್ಲಿಷರ ಜೊತೆಗಿದ್ದ ಪರಶುರಾಮ ಭಾವುವಿನ ಮರಾಠ ಸೇನೆ ಸೇರಿಕೊಂಡ. ಯುದ್ಧ ಮುಗಿದ ಮೇಲೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಹೋದ. ಟಿಪ್ಪು ಅವನನ್ನು ವಾಪಸ್ ಕರೆಸಿ ಐಗೂರು ಸೀಮೆಯನ್ನು ಅವನ ಕೈಗೇ ಕೊಟ್ಟ. ಅವನ ಮಗ ವೆಂಕಟಾದ್ರಿ ನಾಯಕ. 1799ರಲ್ಲಿ ಟಿಪ್ಪು ಸತ್ತ ಮೇಲೆ ಹೆಚ್ಚಿನವರು ಈಸ್ಟ್ ಇಂಡಿಯಾ ಕಂಪನಿಗೆ ತಲೆಬಾಗಿದರೆ ಇವನು ಬಾಗಲಿಲ್ಲ. ಕಾಡು ಹಿಡಿದು ಹೋರಾಡಿದ. ಇವನನ್ನು ಹಿಡಿಯಲು ಸೇನೆ ತಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. 1802ರಲ್ಲಿ ವೆಂಕಟಾದ್ರಿ ನಾಯಕನನ್ನು ಹಿಡಿದು ಗಲ್ಲಿಗೇರಿಸಿದರು.

ಮಕ್ಕಳಿಗೆ ನಾನು ಈ ಕಥೆಯನ್ನು ಕೋಟೆಯ ಬಾಗಿಲಲ್ಲೇ ಹೇಳುತ್ತಿದ್ದೆ. ಗದ್ದಲ ಮಾಡುತ್ತಿದ್ದ ಹುಡುಗರೂ ಸುಮ್ಮನಾಗುತ್ತಿದ್ದರು.

ಐಗೂರು ಹಾದಿ

ಧನ್ಯವಾದ ಮೇಷ್ಟ್ರೇ. ಇಷ್ಟು ಸಾಕು ನನಗೆ.

ಮಲ್ಲಿಗೆ ಮೊಗ್ಗು

ನಾವು ಅರಸೀಕೆರೆಯವರು. ನಾನು, ನಮ್ಮ ಯಜಮಾನರು, ಅತ್ತೆ ಮೂವರು ಹೋಗಬೇಕು ಎಂದುಕೊಂಡಿದ್ದೇವೆ. ಅತ್ತೆಗೆ 64 ವರ್ಷ, ಮಂಡಿ ನೋವು ಇದೆ. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಯಾವತ್ತೂ ಊರು ಬಿಟ್ಟು ಹೊರಗೆ ಬಂದವರಲ್ಲ. ಹತ್ತಬಹುದಾ? ಮಳೆಗಾಲದಲ್ಲಿ ಚೆನ್ನಾಗಿರುತ್ತದೆ ಎಂದು ಕೆಲವರು ಹೇಳಿದರು.

ಏಲಕ್ಕಿ ಗಿಡ, ಸಕಲೇಶಪುರ

ಮಲ್ಲಿಗೆ ಅಕ್ಕ, ಮಳೆಗಾಲದಲ್ಲಿ ಅವರನ್ನು ಕರೆದುಕೊಂಡು ಬರಲೇಬೇಡಿ. ನೋಡಲು ಚೆಂದ, ಅದು ನಿಜ. ಗೋಡೆ ಎಲ್ಲ ಹಸಿರಾಗುತ್ತದೆ. ಆದರೆ ಮೆಟ್ಟಿಲಿಗೂ ಪಾಚಿ ಕಟ್ಟುತ್ತದೆ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಕಾಲು ನಿಲ್ಲುವುದಿಲ್ಲ. ನಮ್ಮ ಪಕ್ಕದ ಮನೆಯ ಹುಡುಗ, ಇಲ್ಲೇ ಹುಟ್ಟಿ ಬೆಳೆದವನು, ಜುಲೈನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ. ಇಂಬಳ, ಅಂದರೆ ಜಿಗಣೆ ಬೇರೆ. ಉಪ್ಪು, ಸುಣ್ಣ ಏನು ಹಚ್ಚಿಕೊಂಡರೂ ಒಂದೆರಡು ಹತ್ತಿಯೇ ಹತ್ತುತ್ತವೆ. ಮೊದಲ ಸಲ ನೋಡುವವರು ಹೆದರುತ್ತಾರೆ.

ನವೆಂಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ಬೆಳಗ್ಗೆ ಬನ್ನಿ. ಹತ್ತು ಮೆಟ್ಟಿಲು ಹತ್ತಿ ಒಂದು ನಿಮಿಷ ಕೂರಿಸಿ. ಒಂದು ಕೋಲು ಕೊಡಿ. ಅವರಿಗೆ ಆಗದಿದ್ದರೆ ಒತ್ತಾಯ ಬೇಡ. ಸಕಲೇಶಪುರದಲ್ಲೇ ಹೇಮಾವತಿ ದಡದಲ್ಲಿ ಸಕಲೇಶ್ವರ ದೇವಸ್ಥಾನ ಇದೆ. ಊರಿಗೆ ಹೆಸರು ಬಂದದ್ದೇ ಅದರಿಂದ. ಅಲ್ಲಿ ಆರಾಮಾಗಿ ಕುಳಿತುಕೊಳ್ಳಬಹುದು. ಮಾರ್ಚ್ ಏಪ್ರಿಲ್‌ನಲ್ಲಿ ಬಂದರೆ ಬಿಸಿಲು ಜಾಸ್ತಿ. ಆದರೆ ಹೂಮಳೆ ಬಿದ್ದು ಕಾಫಿ ಹೂವಾದ ವಾರ ಸಿಕ್ಕಿದರೆ ದಾರಿ ಉದ್ದಕ್ಕೂ ಪರಿಮಳ. ಮಲ್ಲಿಗೆಯ ಹಾಗೇ ಇರುತ್ತದೆ.

ಇನ್ನೊಂದು ಮಾತು, ಎಲ್ಲರಿಗೂ. ಹೋಮ್‌ಸ್ಟೇಯಲ್ಲಿ ಉಳಿಯುವವರು ಕತ್ತಲಾಗುವ ಮುಂಚೆ ಸೇರಿಕೊಳ್ಳಿ. ನಮ್ಮ ತಾಲ್ಲೂಕಿನಲ್ಲಿ, ಆಲೂರು ಕಡೆಯಲ್ಲೂ, ಆನೆಗಳು ತೋಟದೊಳಗೆ ಓಡಾಡುತ್ತವೆ. ನಾವು ಇಲ್ಲಿಯವರೇ ಸಂಜೆ ಆದ ಮೇಲೆ ತೋಟದ ದಾರಿಯಲ್ಲಿ ಬೈಕ್ ತೆಗೆಯುವುದಿಲ್ಲ.

ಕಿರು ಕಥೆ

ಆ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಎಂದು ಯಾರೂ ಹೇಳಲಿಲ್ಲವಲ್ಲ? ಕೊಳದ ಹತ್ತಿರ ನೆಲದ ಕೆಳಗೆ ಇಳಿಯುವ ಕೋಣೆ ಇದೆ. ಅದೇ ಬಾಯಿ ಎಂದು ನಮಗೆ ಅಲ್ಲಿದ್ದ ಒಬ್ಬರು ತೋರಿಸಿದರು.

ಬಿಳಿ ಸೀಮೆಸುಣ್ಣ

ಅದು ಮದ್ದಿನ ಮನೆ ಮಗು. ಫಿರಂಗಿಯ ಮದ್ದು ಬಿಸಿಲಿಗೂ ಕಿಡಿಗೂ ಸಿಗಬಾರದು. ಅದಕ್ಕೆ ನೆಲದ ಕೆಳಗೆ, ತಂಪಾಗಿ, ದಪ್ಪ ಗೋಡೆ ಕಟ್ಟಿ ಇಡುತ್ತಿದ್ದರು. ಶ್ರೀರಂಗಪಟ್ಟಣ ಇಲ್ಲಿಂದ 100 ಕಿಲೋಮೀಟರ್‌ಗಿಂತ ದೂರ. ನಡುವೆ ಹೇಮಾವತಿ ಇದೆ. ಅಷ್ಟು ಉದ್ದದ ಸುರಂಗದಲ್ಲಿ ಉಸಿರಾಡುವ ಗಾಳಿಗೆ ಏನು ಮಾಡುತ್ತಿದ್ದರು? ನಮ್ಮ ನಾಡಿನ ಪ್ರತಿ ಕೋಟೆಗೂ ಒಂದು ಸುರಂಗದ ಕಥೆ ಇದೆ. ಮಕ್ಕಳಿಗೆ ನಾನು ಆ ಕಥೆ ಹೇಳಲು ಬಿಡುತ್ತಿದ್ದೆ, ಆಮೇಲೆ ಭೂಪಟ ಬಿಡಿಸಿ ಅಳತೆ ಹಾಕಲು ಹೇಳುತ್ತಿದ್ದೆ.

ಕೊಳವನ್ನೂ ಗಮನಿಸಿ. ಕೂಡಿಸುವ ಗುರುತಿನ ಆಕಾರ ಅದು, ನಾಲ್ಕು ಕಡೆಯಿಂದಲೂ ಮೆಟ್ಟಿಲಿಳಿದು ನೀರು ತೆಗೆದುಕೊಳ್ಳಬಹುದು. ಗುಡ್ಡದ ತುದಿಯಲ್ಲಿ ಮುತ್ತಿಗೆ ಬಿದ್ದರೆ ಮೊದಲು ಸಾಯಿಸುವುದು ಬಾಯಾರಿಕೆ. ಮಲೆನಾಡಿನ ಮಳೆಯನ್ನು ಹಿಡಿದಿಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಳೇ ಬ್ಯಾಚು

ಹೆಸರು ಕೆತ್ತಿದ್ದರ ಬಗ್ಗೆ ಬರೆದಿದ್ದೀರಲ್ಲ ಅಕ್ಕ. ಅದನ್ನು ಓದಿ ಎರಡು ದಿನದಿಂದ ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ.

ಅದರಲ್ಲಿ ಒಂದು ಹೆಸರು ನನ್ನದು. 2009ರಲ್ಲಿ ಕಾಲೇಜಿನಿಂದ ಹೋಗಿದ್ದೆವು. ಬಾಗಿಲಿನ ಒಳಗಡೆ ಗಾರೆ ಮೆತ್ತಗಿರುವ ಕಡೆ ಮೊಳೆಯಿಂದ ಕೊರೆದೆ. ನನ್ನ ಹೆಸರು, ಅವಳ ಹೆಸರು. ಮುಂದೆ ಅವಳನ್ನೇ ಮದುವೆಯಾದೆ. ಮೂರು ವರ್ಷದ ಹಿಂದೆ ಇಬ್ಬರೂ ಹೋದೆವು. ಹೆಸರು ಇನ್ನೂ ಇತ್ತು. ನನಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಕೊರೆದ ಕಡೆ ನೀರು ಇಳಿದು ಸುತ್ತಲಿನ ಗಾರೆ ಒಂದು ಅಂಗೈ ಅಗಲ ಕಳಚಿತ್ತು. ಅವಳು ಅದನ್ನು ನೋಡಿ "ನಮ್ಮ ಮನೆ ಗೋಡೆಗೆ ಯಾರಾದರೂ ಹೀಗೆ ಮಾಡಿದ್ದರೆ?" ಎಂದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅದನ್ನು ಸರಿ ಮಾಡಲು ಆಗುತ್ತದಾ? ನಾನೇ ಖರ್ಚು ಕೊಟ್ಟು ಸುಣ್ಣ ಹಚ್ಚಿಸಲು ಸಿದ್ಧ.

ಹೇಮಾವತಿ ದಡ

ಅಣ್ಣ, ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮವರನ್ನು ಕೇಳಿ ಹೇಳುತ್ತಿದ್ದೇನೆ. ದಯವಿಟ್ಟು ನೀವಾಗಿ ಏನೂ ಹಚ್ಚಬೇಡಿ. ಹಳೆಯ ಗೋಡೆ ಸುಣ್ಣದ ಗಾರೆಯದು. ಅದರ ಮೇಲೆ ಈಗಿನ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲು ದಾರಿ ಇರುವುದಿಲ್ಲ. ತೇವ ಒಳಗೇ ನಿಂತು ಹಳೆಯ ಗಾರೆಯನ್ನು ಇನ್ನಷ್ಟು ಪುಡಿ ಮಾಡುತ್ತದೆ. ಸಿಮೆಂಟ್ ಗಟ್ಟಿ, ಸುಣ್ಣ ಮೆತ್ತಗೆ, ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಊರಿನ ಹಳೇ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ ಎಂದರು. ಪುರಾತತ್ವದವರ ಅನುಮತಿ ಇಲ್ಲದೆ ಯಾರೂ ಅಲ್ಲಿ ಕೈ ಹಾಕುವಂತೆಯೂ ಇಲ್ಲ. ಅವರಿಗೆ ಫೋಟೊ ಸಮೇತ ಒಂದು ಅರ್ಜಿ ಬರೆಯಬಹುದು. ನೀವು ಬರೆದರೆ ನಾವಿಬ್ಬರೂ ಸಹಿ ಹಾಕುತ್ತೇವೆ.

ಏಲಕ್ಕಿ ಗಿಡ, ಸಕಲೇಶಪುರ

ನನ್ನದೂ ಒಂದು ಸಹಿ. ಡ್ರೋನ್ ತರುವವರಿಗೂ ಅದೇ ಮಾತು, ಅನುಮತಿ ಇಲ್ಲದೆ ಹಾರಿಸಬೇಡಿ.

ಐಗೂರು ಹಾದಿ

ನನ್ನದೂ.

ದಾರಿಹೋಕ

ನನ್ನದೂ ಸೇರಿಸಿ. ಮತ್ತೆ ಆ ಕಡೆ ಬಂದಾಗ ಗೋಡೆ ಸುತ್ತ ನಡೆಯುತ್ತೇನೆ. ನನ್ನ ಹೆಂಡತಿಗೆ ಮೇಷ್ಟ್ರು ಬರೆದದ್ದನ್ನು ತೋರಿಸಿದೆ. ಮೊದಲೇ ಓದಿದ್ದರೆ ಅಷ್ಟು ದೂರ ಹೋಗಿ ಕೊಳ ನೋಡಿ ಬರುತ್ತಿರಲಿಲ್ಲ ಎಂದಳು.

ಮಲ್ಲಿಗೆ ಮೊಗ್ಗು

ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಹೋಗಿ ಬಂದೆವು. ಅತ್ತೆ ಹತ್ತಿದರು! ಒಂದು ಗಂಟೆ ಹಿಡಿಯಿತು. ಕೋಲು ಕೊಟ್ಟಿದ್ದೆವು, ನಡುನಡುವೆ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಇಳಿಯುವ ಜನ ಎಲ್ಲ "ಅಜ್ಜಿ, ಇನ್ನು ಸ್ವಲ್ಪ" ಎಂದು ಧೈರ್ಯ ಹೇಳುತ್ತಿದ್ದರು. ಬಾಗಿಲ ಹತ್ತಿರ ನೆರಳಿನಲ್ಲಿ ಅವರನ್ನು ಕೂರಿಸಿ ನಾವಿಬ್ಬರೂ ಗೋಡೆ ಹಿಡಿದು ಹೊರಟೆವು. ವಾಪಸ್ ಬಂದಾಗ ಅತ್ತೆ ಯಾವುದೋ ಊರಿನ ಇಬ್ಬರು ಹುಡುಗಿಯರಿಗೆ ವೆಂಕಟಾದ್ರಿ ನಾಯಕನ ಕಥೆ ಹೇಳುತ್ತಿದ್ದರು. ಹಿಂದಿನ ದಿನ ರಾತ್ರಿ ನಾನು ಮೇಷ್ಟ್ರ ಬರಹ ಓದಿ ಹೇಳಿದ್ದೆ, ಅಷ್ಟೇ.

ಆದರೆ ನಾವು ಏಳೇ ಮೂಲೆ ಎಣಿಸಿದ್ದು. ನಾನೂ ಏಳು, ಯಜಮಾನರೂ ಏಳು. ಅತ್ತೆಯನ್ನು ಬಿಟ್ಟು ಇನ್ನೊಂದು ಸುತ್ತು ಹೋಗಲು ಮನಸ್ಸಾಗಲಿಲ್ಲ. ಒಂದು ಎಲ್ಲಿ ತಪ್ಪಿತು?

ಹೇಮಾವತಿ ದಡ

ಮಲ್ಲಿಗೆ, ಅತ್ತೆಗೆ ನನ್ನ ನಮಸ್ಕಾರ ಹೇಳು. ನಮ್ಮವರಿಗೂ ಮೊದಲ ಸುತ್ತಿನಲ್ಲಿ ಹೀಗೇ ಆದದ್ದು. ಹೊರಟ ಮೂಲೆಯನ್ನು ಅವರು ಎಣಿಸಿರಲೇ ಇಲ್ಲ. ಅಲ್ಲಿಂದ ನಡೆಯಲು ಶುರು ಮಾಡಿ, ಮುಂದಿನದನ್ನು ಒಂದು ಎಂದುಕೊಂಡಿದ್ದರು. ನೀವು ಎಲ್ಲಿಂದ ಹೊರಟಿರಿ?

ಮಲ್ಲಿಗೆ ಮೊಗ್ಗು

ಅತ್ತೆ ಕುಳಿತಿದ್ದ ಮೂಲೆಯಿಂದ.